ಸಾಕುಪ್ರಾಣಿಗಳ ಮೈಕ್ರೋಚಿಪ್ ಗುರುತು: ಬೆಂಗಳೂರು ಗ್ರಾಮಾಂತರ ಜಿಲ್ಲೆ

ಸಾಕುಪ್ರಾಣಿ ಮೈಕ್ರೋಚಿಪ್ ಎಂದರೆ ನಾಯಿ, ಬೆಕ್ಕು ಮೊದಲಾದ ಪ್ರಾಣಿಗಳ ಚರ್ಮದಡಿ ಸೂಜಿಯ ಮೂಲಕ ಸೇರಿಸುವ, ಬ್ಯಾಟರಿ ಇಲ್ಲದ, ಒಂದು ಸಂಖ್ಯೆಯನ್ನು ಮಾತ್ರ ಹೊತ್ತಿರುವ ರೇಡಿಯೊ ಗುರುತು ಸಾಧನ. ಆ ಸಂಖ್ಯೆಯನ್ನು ಓದುವ ಕೈಯಂತ್ರಕ್ಕೆ ರೀಡರ್ ಅಥವಾ ಸ್ಕ್ಯಾನರ್ ಎನ್ನುತ್ತಾರೆ. ಸಂಖ್ಯೆಯ ಎದುರು ಮಾಲೀಕರ ಹೆಸರು, ವಿಳಾಸ, ಫೋನ್ ಬರೆದಿಡುವ ದಾಖಲೆಯೇ ನೋಂದಣಿ ಪಟ್ಟಿ. ಚಿಪ್, ರೀಡರ್, ಪಟ್ಟಿ ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಕಳೆದುಹೋದ ಪ್ರಾಣಿ ಮನೆ ಸೇರುವ ದಾರಿ ಮುಚ್ಚುತ್ತದೆ. ಈ ಲೇಖನದಲ್ಲಿ ‘ಚಿಪ್’ ಎಂದಾಗಲೆಲ್ಲ ಚರ್ಮದಡಿಯ ಸಾಧನವನ್ನೇ, ‘ಕಿವಿಯೋಲೆ’ ಎಂದಾಗ ಜಾನುವಾರುಗಳ ಕಿವಿಗೆ ಹಾಕುವ ಸಂಖ್ಯಾಫಲಕವನ್ನೇ ಹೇಳಲಾಗಿದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ರೂಪುಗೊಂಡಿತು. 2007ರಲ್ಲಿ ರಾಮನಗರ ಇದರಿಂದ ಬೇರೆಯಾಯಿತು. 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂಬ ಹೆಸರಿಡಲು ಒಪ್ಪಿಗೆ ಕೊಟ್ಟಿತು. ಪ್ರಾಣಿ ಗುರುತಿನ ವಿಷಯದಲ್ಲಿ ಈ ಜಿಲ್ಲೆಯನ್ನು ಪ್ರತ್ಯೇಕವಾಗಿ ನೋಡಲು ಎರಡು ಕಾರಣಗಳಿವೆ. ದೇವನಹಳ್ಳಿ ತಾಲ್ಲೂಕಿನಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮೂಲಕ ಚಿಪ್ ಹೊತ್ತ ನಾಯಿ ಬೆಕ್ಕುಗಳು ದೇಶ ಬಿಟ್ಟು ಹೋಗುತ್ತವೆ, ಬರುತ್ತವೆ. ಅದೇ ತಾಲ್ಲೂಕಿನ ಹಳ್ಳಿಗಳ ಹಾಲಿನ ಡೇರಿಗೆ ಹಾಲು ಹಾಕುವ ಮನೆಗಳ ಹಸುಗಳಿಗೆ ಹಳದಿ ಕಿವಿಯೋಲೆ ಇರುತ್ತದೆ.

ಹಿನ್ನೆಲೆ

ಪ್ರಾಣಿಯ ಮೈಮೇಲೆ ಒಡೆತನದ ಗುರುತು ಹಾಕುವ ರೂಢಿ ಈ ಸೀಮೆಗೆ ಹೊಸದಲ್ಲ. ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯುವುದು, ಕಿವಿ ಸೀಳುವುದು, ಕೊಂಬಿಗೆ ಬಣ್ಣ ಬಳಿಯುವುದು ರೈತರ ಕ್ರಮ. ಸುಳಿ ನೋಡಿ ದನ ಗುರುತಿಸುವವರು ಇಂದಿಗೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಸಿಗುತ್ತಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ‘ಬೆಣ್ಣೆ ಚಾವಡಿ’ ಎಂಬ ರಾಸುಗಳ ಇಲಾಖೆ ಕಟ್ಟಿ, ತಮ್ಮ ಹೆಸರಿನ ‘ದೇ’ ಅಕ್ಷರವನ್ನು ದನಗಳ ಮೈಮೇಲೆ ಮುದ್ರೆಯಾಗಿ ಒತ್ತಿಸಿದ್ದು ದಾಖಲಾಗಿದೆ. ಆ ಇಲಾಖೆಯನ್ನೇ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂದು ಕರೆದ.

ತಪ್ಪಿಸಿಕೊಂಡ ದನಕ್ಕೆ ಊರಿನಲ್ಲಿ ದೊಡ್ಡಿ ಇತ್ತು. ಬೆಳೆಗೆ ನುಗ್ಗಿದ ಅಥವಾ ವಾರಸುದಾರರಿಲ್ಲದೆ ಅಲೆಯುವ ರಾಸನ್ನು ದೊಡ್ಡಿಗೆ ಹೊಡೆದು, ಗುರುತು ಹೇಳಿ ದಂಡ ಕಟ್ಟಿದವರಿಗೆ ಬಿಟ್ಟುಕೊಡುವುದು, ಯಾರೂ ಬಾರದಿದ್ದರೆ ಹರಾಜು ಹಾಕುವುದು ಕಾನೂನಿನಲ್ಲೇ ಬರೆದ ಕ್ರಮ. ನಾಯಿ ಬೆಕ್ಕುಗಳಿಗೆ ಇಂಥ ವ್ಯವಸ್ಥೆ ಎಂದೂ ಇರಲಿಲ್ಲ. ಹಳ್ಳಿಯ ನಾಯಿ ಒಂದು ಮನೆಯದಾದರೂ ಇಡೀ ಕೇರಿಗೆ ಪರಿಚಯವಿರುತ್ತಿತ್ತು. ಅದನ್ನು ಗುರುತಿಸಲು ಬೇರೆ ಸಾಧನದ ಅಗತ್ಯ ಬೀಳುತ್ತಿರಲಿಲ್ಲ.

ರೇಡಿಯೊ ತರಂಗದಿಂದ ಪ್ರಾಣಿಯನ್ನು ಗುರುತಿಸುವ ತಂತ್ರವೂ ಮೊದಲು ದನಗಳಿಗಾಗಿಯೇ ಬೆಳೆಯಿತು. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ಹಸುಗಳ ಮೇಲೆ ಇದನ್ನು ಪ್ರಯೋಗಿಸಿದರು. 1980ರ ದಶಕದ ಕೊನೆಯ ಹೊತ್ತಿಗೆ ಗಾಜಿನ ಕೊಳವೆಯಲ್ಲಿ ಅಡಗಿಸಿದ ಚಿಪ್ಪುಗಳು ನಾಯಿ ಬೆಕ್ಕುಗಳಿಗೆ ಬಂದವು. ಪ್ರತಿ ಕಂಪನಿಯೂ ತನ್ನದೇ ತರಂಗಾಂತರ, ತನ್ನದೇ ರೀಡರ್ ಮಾರುತ್ತಿದ್ದುದರಿಂದ ಒಬ್ಬರ ಚಿಪ್ ಇನ್ನೊಬ್ಬರ ಯಂತ್ರಕ್ಕೆ ಕಾಣುತ್ತಿರಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1990ರ ದಶಕದ ಮಧ್ಯದಲ್ಲಿ ಐಎಸ್‌ಒ 11784 ಮತ್ತು 11785 ಎಂಬ ಎರಡು ಮಾನಕಗಳನ್ನು ಹೊರಡಿಸಿದ ಮೇಲೆ ಈ ಗೊಂದಲ ಬಹುಪಾಲು ತೀರಿತು. ಮೊದಲನೆಯದು ಸಂಖ್ಯೆ ಹೇಗಿರಬೇಕು ಎಂಬುದನ್ನೂ ಎರಡನೆಯದು ಆ ಸಂಖ್ಯೆಯನ್ನು ಗಾಳಿಯಲ್ಲಿ ಹೇಗೆ ಕಳಿಸಬೇಕು ಎಂಬುದನ್ನೂ ನಿಗದಿ ಮಾಡುತ್ತದೆ.

ರಚನೆ ಮತ್ತು ಕೆಲಸ

ಸಾಮಾನ್ಯ ಚಿಪ್ ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಬೆಕ್ಕು, ಸಣ್ಣ ತಳಿಯ ನಾಯಿಮರಿಗಳಿಗೆ 8 ಮಿ.ಮೀ. ಉದ್ದ, 1.4 ಮಿ.ಮೀ. ದಪ್ಪದ ಚಿಕ್ಕ ಮಾದರಿಯೂ ಇದೆ. ಹೊರಕವಚ ದೇಹಕ್ಕೆ ಒಗ್ಗುವ ಗಾಜಿನದು. ಒಳಗೆ ಫೆರೈಟ್ ಕಡ್ಡಿಯ ಸುತ್ತ ಕೂದಲೆಳೆಯ ತಾಮ್ರದ ತಂತಿ ಸುತ್ತಿದ ಸುರುಳಿ, ಒಂದು ಕೆಪಾಸಿಟರ್, ಸಂಖ್ಯೆ ಬರೆದ ಸಿಲಿಕಾನ್ ತುಣುಕು ಇರುತ್ತವೆ. ಚಿಪ್ ಚರ್ಮದಡಿ ಜಾರದಂತೆ ಹಿಡಿದಿಡಲು ಹಲವು ತಯಾರಕರು ಗಾಜಿನ ಮೇಲೆ ಪ್ಯಾರಿಲೀನ್ ಲೇಪ ಕೊಡುತ್ತಾರೆ.

ರೀಡರ್ 134.2 ಕಿಲೋಹರ್ಟ್ಜ್ ತರಂಗ ಹೊರಡಿಸಿದಾಗ ಆ ಕಾಂತಕ್ಷೇತ್ರ ಸುರುಳಿಯಲ್ಲಿ ಅತಿಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಅದರ ಬಲದಿಂದಲೇ ತುಣುಕು ಎಚ್ಚೆತ್ತು ತನ್ನ ಸಂಖ್ಯೆಯನ್ನು ಮರಳಿ ಕಳಿಸುತ್ತದೆ. 128 ಬಿಟ್‌ಗಳ ಈ ಸಂದೇಶ ಒಮ್ಮೆ ಪೂರ್ತಿ ಬರಲು ಸುಮಾರು 30 ಮಿಲಿಸೆಕೆಂಡ್ ಸಾಕು. ರೀಡರ್ ದೂರ ಸರಿದ ಕೂಡಲೇ ಚಿಪ್ ಮತ್ತೆ ನಿಶ್ಚಲ. ಒಳಗೆ ಬ್ಯಾಟರಿ ಇಲ್ಲದ ಕಾರಣ ಸವೆಯುವ ಭಾಗವೇ ಇಲ್ಲ, ಪ್ರಾಣಿಯ ಜೀವಮಾನಕ್ಕೆ ಒಂದು ಚಿಪ್ ಸಾಕಾಗುತ್ತದೆ.

ರೀಡರಿನ ಪರದೆಯಲ್ಲಿ ಕಾಣುವುದು 15 ಅಂಕಿಗಳು. ಮೊದಲ ಮೂರು ಅಂಕಿ ದೇಶದ ಸಂಕೇತ ಅಥವಾ ತಯಾರಕರ ಸಂಕೇತ. ಭಾರತದ ದೇಶ ಸಂಕೇತ 356. ಆದರೆ ದೇಶ ಸಂಕೇತವನ್ನು ಬಳಸಬೇಕಾದರೆ ಆ ದೇಶದಲ್ಲಿ ಒಂದೇ ಸಂಖ್ಯೆ ಎರಡು ಪ್ರಾಣಿಗಳಿಗೆ ಹೋಗದಂತೆ ನೋಡುವ ಅಧಿಕೃತ ವ್ಯವಸ್ಥೆ ಬೇಕು. ಅದಿಲ್ಲದ ಕಡೆ 900ರಿಂದ 998ರವರೆಗಿನ ತಯಾರಕ ಸಂಕೇತಗಳೇ ಚಾಲ್ತಿ. ಇವನ್ನು ಹಂಚುವುದು ಪ್ರಾಣಿ ದಾಖಲಾತಿಯ ಅಂತರರಾಷ್ಟ್ರೀಯ ಸಮಿತಿ. 999 ಪರೀಕ್ಷೆಗೆ ಮೀಸಲು, ಮಾರಾಟದ ಚಿಪ್ಪಿನಲ್ಲಿ ಅದು ಇರಕೂಡದು. ಉಳಿದ 12 ಅಂಕಿಗಳಿಗೆ 38 ಬಿಟ್‌ಗಳ ಜಾಗವಿದ್ದು, ಒಂದೊಂದು ಸಂಕೇತದಡಿ ಸುಮಾರು 27,487 ಕೋಟಿ ಬೇರೆ ಬೇರೆ ಸಂಖ್ಯೆ ಹುಟ್ಟಿಸಬಹುದು.

ಚಿಪ್ಪಿನಲ್ಲಿ ಮಾಲೀಕರ ಹೆಸರಾಗಲಿ, ಲಸಿಕೆಯ ವಿವರವಾಗಲಿ ಇರುವುದಿಲ್ಲ. ಅದು ಜಿಪಿಎಸ್ ಸಾಧನವೂ ಅಲ್ಲ. ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು ಎಂಬ ನಂಬಿಕೆ ಚಿಪ್ ಹಾಕಿಸಿದವರಲ್ಲೂ ಉಂಟು. ಆ ಕೆಲಸಕ್ಕೆ ಕುತ್ತಿಗೆ ಬೆಲ್ಟಿಗೆ ಕಟ್ಟುವ, ಆಗಾಗ ಚಾರ್ಜ್ ಮಾಡಬೇಕಾದ ಬೇರೆಯೇ ಯಂತ್ರ ಬೇಕು.

ಅಳವಡಿಸುವ ಕ್ರಮ

ಹೊಸ ಚಿಪ್ ಹಾಕುವ ಮುನ್ನ ಪಶುವೈದ್ಯರು ಪ್ರಾಣಿಯ ಮೈಮೇಲೆ ರೀಡರ್ ಆಡಿಸಿ ಈಗಾಗಲೇ ಚಿಪ್ ಇದೆಯೇ ಎಂದು ನೋಡುತ್ತಾರೆ. ನಂತರ ಪೊಟ್ಟಣದಲ್ಲಿರುವ ಹೊಸ ಚಿಪ್ಪನ್ನೂ ಓದಿಸಿ, ಪರದೆಯ ಸಂಖ್ಯೆ ಸ್ಟಿಕ್ಕರಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಎರಡು ಭುಜದ ಎಲುಬುಗಳ ನಡುವೆ ಬೆನ್ನಿನ ಮಧ್ಯರೇಖೆಯಲ್ಲಿ ಚರ್ಮವನ್ನು ಮೇಲೆತ್ತಿ, ಲಸಿಕೆಯ ಸೂಜಿಗಿಂತ ದಪ್ಪನೆಯ, ಕ್ರಿಮಿಶುದ್ಧ ಸೂಜಿಯನ್ನು ಓರೆಯಾಗಿ ತೂರಿಸಿ ಚಿಪ್ ಬಿಡುತ್ತಾರೆ. ಯೂರೋಪಿನ ಕೆಲ ದೇಶಗಳಲ್ಲಿ ಕುತ್ತಿಗೆಯ ಎಡಬದಿಗೆ ಹಾಕುವ ರೂಢಿಯಿದೆ, ಹಾಗಾಗಿ ಹೊರದೇಶದಿಂದ ಬಂದ ನಾಯಿಯನ್ನು ಪರೀಕ್ಷಿಸುವಾಗ ಅಲ್ಲೂ ನೋಡಬೇಕಾಗುತ್ತದೆ. ಅರಿವಳಿಕೆ ಬೇಕಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಹಾಕಿಸುವವರೂ ಇದ್ದಾರೆ.

ಸೂಜಿ ತೆಗೆದ ಮೇಲೆ ಮತ್ತೊಮ್ಮೆ ಓದಿಸುವುದು ಕಡ್ಡಾಯದ ಹೆಜ್ಜೆ. ದಟ್ಟ ಕೂದಲಿನ ನಾಯಿಯಲ್ಲಿ ಚಿಪ್ ಚರ್ಮದೊಳಗೆ ಹೋಗದೆ ತುಪ್ಪಳದಲ್ಲೇ ಸಿಕ್ಕಿಬೀಳುವುದುಂಟು. ಪ್ರತಿ ಚಿಪ್ಪಿನ ಜೊತೆ ಬಾರ್‌ಕೋಡ್ ಇರುವ ಹಲವು ಸ್ಟಿಕ್ಕರುಗಳು ಬರುತ್ತವೆ. ಒಂದು ಲಸಿಕೆ ಪುಸ್ತಕಕ್ಕೆ, ಒಂದು ಆಸ್ಪತ್ರೆಯ ದಾಖಲೆಗೆ, ಒಂದು ನೋಂದಣಿ ಅರ್ಜಿಗೆ ಅಂಟುತ್ತದೆ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರಿನ ಪಕ್ಕ ಚಿಪ್ ಹಾಕಿದ ದಿನಾಂಕ, ಹಾಕಿದ ಜಾಗ ಬರೆದು ವೈದ್ಯರು ಸಹಿ ಮಾಡಬೇಕು. ದಿನಾಂಕ ಬಿಟ್ಟುಹೋದರೆ ವಿದೇಶ ಪ್ರಯಾಣದ ಹೊತ್ತಿಗೆ ಅದು ದೊಡ್ಡ ತೊಡಕಾಗುತ್ತದೆ.

ಸಿಕ್ಕಿದ ಪ್ರಾಣಿಯನ್ನು ಓದಿಸುವಾಗ ರೀಡರನ್ನು ಮೈಗೆ ತಾಗಿಸಿದಂತೆ ಹಿಡಿದು, ತಲೆಯಿಂದ ಬಾಲದವರೆಗೆ ನಿಧಾನವಾಗಿ, ಅಂಕುಡೊಂಕಾಗಿ ಆಡಿಸಬೇಕು. ಬೆನ್ನು ಮುಗಿದ ಮೇಲೆ ಎರಡೂ ಭುಜ, ಎದೆ, ಮುಂಗಾಲಿನ ಮೇಲ್ಭಾಗ ನೋಡಬೇಕು. ಕಬ್ಬಿಣದ ಸರಪಳಿ, ಲೋಹದ ಮೇಜು, ಹತ್ತಿರದ ಕಂಪ್ಯೂಟರ್ ತರಂಗವನ್ನು ಕೆಡಿಸುತ್ತವೆ. ಅವಸರದಲ್ಲಿ ಒಮ್ಮೆ ಆಡಿಸಿ ‘ಚಿಪ್ ಇಲ್ಲ’ ಎಂದು ತೀರ್ಮಾನಿಸಿದ ಪ್ರಾಣಿಗಳಲ್ಲಿ ಚಿಪ್ ಇರುವುದು ಅಪರೂಪವಲ್ಲ.

ಬಗೆಗಳು

ನಾಯಿ ಬೆಕ್ಕುಗಳಿಗೆ ಇಂದು ಬಳಕೆಯಲ್ಲಿರುವುದು ಎಫ್‌ಡಿಎಕ್ಸ್-ಬಿ ಎಂಬ ಬಗೆ. ಎಚ್‌ಡಿಎಕ್ಸ್ ಎಂಬ ಇನ್ನೊಂದು ಬಗೆ ಹೆಚ್ಚಾಗಿ ದನಗಳ ವಿದ್ಯುನ್ಮಾನ ಕಿವಿಯೋಲೆಗಳಲ್ಲಿ ಮತ್ತು ಹೊಟ್ಟೆಯಲ್ಲಿ ಉಳಿಯುವ ಗುಳಿಗೆಗಳಲ್ಲಿ ಇರುತ್ತದೆ. ಮಾನಕಕ್ಕೆ ಮುಂಚಿನ 125 ಮತ್ತು 128 ಕಿಲೋಹರ್ಟ್ಜ್ ಚಿಪ್ಪುಗಳು 9 ಅಥವಾ 10 ಅಂಕಿ, ಅಕ್ಷರಗಳವು. ಅಮೆರಿಕದಿಂದ ಬಂದ ಹಳೆಯ ನಾಯಿಗಳಲ್ಲಿ ಇವು ಕಂಡರೆ ಎಲ್ಲ ತರಂಗಾಂತರ ಓದುವ ರೀಡರ್ ಬೇಕು. ದೇಹದ ಉಷ್ಣತೆಯನ್ನೂ ಹೇಳುವ ಚಿಪ್ಪುಗಳಿದ್ದು, ಅವುಗಳ ಬಳಕೆ ಸೀಮಿತ.

ರೇಸ್ ಕುದುರೆಗಳಿಗೂ ಸಾಕಿದ ಆನೆಗಳಿಗೂ ಚಿಪ್ ಹಾಕಲಾಗುತ್ತದೆ. ಪಕ್ಷಿಗಳಿಗೆ ಸಾಮಾನ್ಯವಾಗಿ ಕಾಲುಂಗುರವೇ ಗುರುತು.

ನೋಂದಣಿ

ಭಾರತದಲ್ಲಿ ಎಲ್ಲ ನಾಯಿ ಬೆಕ್ಕುಗಳಿಗೂ ಅನ್ವಯಿಸುವ ಏಕೈಕ ರಾಷ್ಟ್ರೀಯ ಪಟ್ಟಿ ಇಲ್ಲ. ಚಿಪ್ ಮಾರುವ ಕಂಪನಿಗಳ ಪಟ್ಟಿ, ತಳಿ ಸಂಘಗಳ ಪಟ್ಟಿ, ಕೆಲವು ಮಹಾನಗರ ಪಾಲಿಕೆಗಳ ಪರವಾನಗಿ ದಾಖಲೆ ಎಂದು ಮಾಹಿತಿ ಹರಿದು ಹಂಚಿದೆ. ಕ್ಲಿನಿಕ್ಕಿನ ರಿಜಿಸ್ಟರಿನಲ್ಲಷ್ಟೇ ಬರೆದು ಬಿಟ್ಟಿರುವುದೂ ಉಂಟು. ನೆಲಮಂಗಲದಲ್ಲಿ ಸಿಕ್ಕ ನಾಯಿಯ 15 ಅಂಕಿ ತಿಳಿದರೂ, ಮೊದಲ ಮೂರು ಅಂಕಿಯಿಂದ ತಯಾರಕರನ್ನು ಪತ್ತೆ ಮಾಡಿ, ಅವರಿಂದ ಮಾರಾಟಗಾರರನ್ನು, ಅವರಿಂದ ಕ್ಲಿನಿಕ್ಕನ್ನು ಹುಡುಕಿ ಮಾಲೀಕರ ಫೋನಿಗೆ ತಲುಪಬೇಕಾದ ಸಂದರ್ಭ ಬರುತ್ತದೆ. ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ.

ಅಮೆರಿಕದ 53 ಪ್ರಾಣಿಧಾಮಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖಗೊಳ್ಳುತ್ತದೆ. ಅದರಲ್ಲಿ ದಾರಿತಪ್ಪಿ ಬಂದ ಒಟ್ಟು ನಾಯಿಗಳಲ್ಲಿ ಶೇ 21.9 ಮನೆ ಸೇರಿದ್ದರೆ, ಚಿಪ್ ಇದ್ದವುಗಳಲ್ಲಿ ಶೇ 52.2 ಸೇರಿದ್ದವು. ಬೆಕ್ಕುಗಳಲ್ಲಿ ಈ ಅಂತರ ಇನ್ನೂ ದೊಡ್ಡದು: ಒಟ್ಟಾರೆ ಶೇ 1.8, ಚಿಪ್ ಇದ್ದವು ಶೇ 38.5. ಚಿಪ್ ಇದ್ದೂ ಮಾಲೀಕರು ಸಿಗದ ಪ್ರಕರಣಗಳಲ್ಲಿ ಮುಖ್ಯ ಕಾರಣ ತಪ್ಪು ಅಥವಾ ರದ್ದಾದ ಫೋನ್ ಸಂಖ್ಯೆ. ಮೊಬೈಲ್ ಸಂಖ್ಯೆ ಬದಲಿಸಿದಾಗ ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ತಿಳಿಸುವವರು ಚಿಪ್ ಪಟ್ಟಿಯನ್ನು ಮರೆಯುತ್ತಾರೆ. ನಾಯಿಯನ್ನು ಬೇರೆಯವರಿಗೆ ಕೊಟ್ಟಾಗ ಹೆಸರು ಬದಲಾಗದೆ ಉಳಿಯುವುದು ಇನ್ನೊಂದು ಕಾರಣ.

ಉಪಯೋಗಗಳು

ಕಳೆದ ಪ್ರಾಣಿಯ ವಾಪಸಾತಿ ಮೊದಲ ಉದ್ದೇಶ. ಜಿಲ್ಲೆಯಲ್ಲಿ ನಾಯಿಗಳು ತಪ್ಪಿಸಿಕೊಳ್ಳುವ ಸಂದರ್ಭಗಳು ಬಹುಮಟ್ಟಿಗೆ ಗೊತ್ತಿರುವಂಥವೇ: ದೀಪಾವಳಿಯ ಪಟಾಕಿ, ಮನೆ ಬದಲಾವಣೆ, ತೋಟದ ಕಾವಲಿಗೆ ರಾತ್ರಿ ಬಿಚ್ಚಿಬಿಟ್ಟ ನಾಯಿ ಬೆಳಗ್ಗೆ ಬಾರದಿರುವುದು. ಚಿಪ್ ಒಡೆತನದ ತಕರಾರಿನಲ್ಲೂ ಕೆಲಸಕ್ಕೆ ಬರುತ್ತದೆ. ಕದ್ದ ನಾಯಿಯ ಬೆಲ್ಟ್ ಬಿಚ್ಚಬಹುದು, ಚಿಪ್ ತೆಗೆಯಲು ಶಸ್ತ್ರಚಿಕಿತ್ಸೆ ಬೇಕು.

ವಿದೇಶ ಪ್ರಯಾಣ ಎರಡನೆಯದು. ಚಿಪ್ ಹಾಕಿಸುವ ಬಹಳ ಮಂದಿ ಈ ಅಗತ್ಯಕ್ಕೇ ಹಾಕಿಸುತ್ತಾರೆ. ಯೂರೋಪಿಯನ್ ಒಕ್ಕೂಟ 2011ರ ಜುಲೈ 3ರಿಂದ ಹೊಸದಾಗಿ ಗುರುತು ಹಾಕುವ ಪ್ರಯಾಣದ ನಾಯಿ ಬೆಕ್ಕುಗಳಿಗೆ ಚಿಪ್ ಕಡ್ಡಾಯ ಮಾಡಿತು. ಅದಕ್ಕೆ ಮುಂಚಿನ, ಸ್ಪಷ್ಟವಾಗಿ ಓದಬರುವ ಹಚ್ಚೆಗೆ ಮಾತ್ರ ವಿನಾಯಿತಿ. ಭಾರತದಿಂದ ಅಲ್ಲಿಗೆ ಹೋಗುವ ಪ್ರಾಣಿಗೆ ಕ್ರಮ ಹೀಗೆ: ಮೊದಲು ಚಿಪ್. ಆಮೇಲೆ, ಪ್ರಾಣಿಗೆ ಕನಿಷ್ಠ 12 ವಾರ ತುಂಬಿದ ಮೇಲೆ, ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಬಳಿಕ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚಿರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಲಸಿಕೆ ಮೊದಲು, ಚಿಪ್ ಆಮೇಲೆ ಎಂದಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಯಾವ ನಾಯಿಗೆ ಲಸಿಕೆ ಬಿತ್ತು ಎಂಬುದಕ್ಕೆ ಸಂಖ್ಯೆಯೇ ಸಾಕ್ಷಿಯಾದ ಕಾರಣ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ವೀಸಾ, ಟಿಕೆಟ್ ಆದ ಮೇಲೆ ನಾಯಿಯ ಕಾಗದಪತ್ರಕ್ಕೆ ಕೈಹಾಕುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಆಗಸ್ಟ್ 1ರಿಂದ ದೇಶದೊಳಕ್ಕೆ ಬರುವ ಎಲ್ಲ ನಾಯಿಗಳಿಗೂ ಚಿಪ್ ಮತ್ತು ಕನಿಷ್ಠ ಆರು ತಿಂಗಳ ವಯಸ್ಸು ಇರಬೇಕೆಂದು ವಿಧಿಸಿತು. ನಾಯಿಗಳಿಂದ ಹರಡುವ ರೇಬೀಸಿನ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇರುವುದರಿಂದ ಇಲ್ಲಿಂದ ಹೋಗುವ ನಾಯಿಗಳಿಗೆ ಹೆಚ್ಚುವರಿ ಷರತ್ತುಗಳಿವೆ. ಭಾರತಕ್ಕೆ ಸಾಕುಪ್ರಾಣಿ ತರಬಹುದಾದ ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರು ಒಂದು. ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಮತ್ತು ಪ್ರಮಾಣೀಕರಣ ಸೇವೆ ಕಾಗದಪತ್ರ ಪರಿಶೀಲಿಸಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ, ಹೊರಹೋಗುವ ಪ್ರಾಣಿಗಳಿಗೆ ಆರೋಗ್ಯ ಪ್ರಮಾಣಪತ್ರವನ್ನೂ ಕೊಡುತ್ತದೆ.

ತಳಿ ದಾಖಲೆ ಮೂರನೆಯ ಬಳಕೆ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ವಂಶಾವಳಿ ನೋಂದಣಿಗೆ ಚಿಪ್ ಸಂಖ್ಯೆ ಕೇಳುತ್ತದೆ. ಕರ್ನಾಟಕದ ಮುಧೋಳ ನಾಯಿ ಈ ಸಂಘ ಮಾನ್ಯ ಮಾಡಿದ ದೇಶಿ ತಳಿಗಳಲ್ಲೊಂದು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆ ತಳಿಯ ಮೇಲೆ ಕೆಲಸ ಮಾಡುತ್ತಿದೆ.

ಬೀದಿನಾಯಿಗಳಿಗೆ ಸಂತಾನಹರಣವಾದ ಗುರುತೆಂದರೆ ಕಿವಿಯ ತುದಿ ಕತ್ತರಿಸುವುದು. ದೂರದಿಂದಲೇ ಕಾಣುವ ಈ ಗುರುತು ಯಾವ ದಿನ, ಯಾವ ಲಸಿಕೆ ಎಂಬುದನ್ನು ಹೇಳದು. ಬೆಂಗಳೂರು ಮಹಾನಗರ ಪಾಲಿಕೆಯ 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳ ಅಂದಾಜು ಸುಮಾರು 2.79 ಲಕ್ಷ. ಮರುವರ್ಷ ಪಾಲಿಕೆ ಮಲ್ಲೇಶ್ವರ, ಮತ್ತೀಕೆರೆ ಭಾಗದಲ್ಲಿ ಬೀದಿನಾಯಿಗಳಿಗೆ ಚಿಪ್ ಹಾಕುವ ಪ್ರಾಯೋಗಿಕ ಯೋಜನೆ ಕೈಗೊಂಡಿತು.

ಜಾನುವಾರು ಕಿವಿಯೋಲೆ

ಜಿಲ್ಲೆಯ ಹಳ್ಳಿಗಳಲ್ಲಿ ಪ್ರಾಣಿ ಗುರುತು ಎಂದರೆ ಮೊದಲು ನೆನಪಾಗುವುದು ಚಿಪ್ ಅಲ್ಲ, ಕಿವಿಯೋಲೆ. ಹಳದಿ ಪ್ಲಾಸ್ಟಿಕ್ಕಿನ ಎರಡು ತುಂಡುಗಳನ್ನು ಇಕ್ಕಳದಂಥ ಉಪಕರಣದಿಂದ ಕಿವಿಯ ನರ ತಪ್ಪಿಸಿ ಒತ್ತಿ ಕೂಡಿಸುತ್ತಾರೆ. ಮೇಲೆ 12 ಅಂಕಿಯ ಸಂಖ್ಯೆ, ಬಾರ್‌ಕೋಡ್ ಅಚ್ಚಾಗಿರುತ್ತದೆ. ಇದಕ್ಕೆ ‘ಪಶು ಆಧಾರ್’ ಎಂಬ ಹೆಸರೂ ಬಂದಿದೆ. ಕಾಲುಬಾಯಿ ರೋಗ ಮತ್ತು ಕಂದುರೋಗದ ವಿರುದ್ಧ 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದೊಂದಿಗೆ ಇದು ದೊಡ್ಡ ಪ್ರಮಾಣದಲ್ಲಿ ಹರಡಿತು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಇನಾಫ್ ದತ್ತಾಂಶದಲ್ಲಿ ಶುರುವಾದ ದಾಖಲೆ ಈಗ ‘ಭಾರತ್ ಪಶುಧನ್’ ಎಂಬ ಕೇಂದ್ರ ವ್ಯವಸ್ಥೆಗೆ ಸೇರಿದೆ. ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಒಂದೇ ಸಂಖ್ಯೆಯಡಿ ಸೇರುತ್ತವೆ. ವಿಮೆಯ ಹಣ ಕೇಳುವಾಗ ಸತ್ತ ಹಸುವಿನ ಓಲೆಯ ಸಂಖ್ಯೆಯೇ ಮುಖ್ಯ ದಾಖಲೆ.

ತಂತ್ರಜ್ಞಾನದ ಲೆಕ್ಕದಲ್ಲಿ ಓಲೆ ಚಿಪ್ಪಿಗಿಂತ ಸರಳ, ಬಾಳಿಕೆಯಲ್ಲೂ ಕಡಿಮೆ. ಬೇಲಿಗೋ ಗೊಂತಿಗೋ ಸಿಕ್ಕಿ ಕಿವಿ ಹರಿದು ಬೀಳುತ್ತದೆ, ಆಗ ಹೊಸ ಓಲೆ ಹಾಕಿ ಹಳೆಯ ಸಂಖ್ಯೆಗೆ ಜೋಡಿಸಬೇಕು. ಕಿವಿ ಕೀವಾಗುವುದೆಂದು ಹಿಂಜರಿಯುವ ರೈತರಿದ್ದಾರೆ. ಆದರೂ ಓದಲು ಯಂತ್ರ ಬೇಡ, ಕಣ್ಣು ಸಾಕು. ದೇಶಕ್ಕೆಲ್ಲ ಒಂದೇ ಪಟ್ಟಿ ಇದೆ. ಈ ಎರಡು ಕಾರಣದಿಂದ ಹೊಸಕೋಟೆಯ ನಾಟಿ ಹಸುವೊಂದರ ಗುರುತು ಪತ್ತೆ, ಬೆಂಗಳೂರಿನ ಬಂಗಲೆಯ ನಾಯಿಯ ಗುರುತು ಪತ್ತೆಗಿಂತ ಸುಲಭ.

ಕಾನೂನು

ಮನೆಯಲ್ಲಿ ನಾಯಿ ಬೆಕ್ಕು ಸಾಕುವ ಪ್ರತಿಯೊಬ್ಬರಿಗೂ ಚಿಪ್ ಕಡ್ಡಾಯ ಮಾಡುವ ಕೇಂದ್ರ ಕಾನೂನು ಇಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಬಂದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳು ಮಾತ್ರ ಮರಿ ಮಾಡಿಸಿ ಮಾರುವವರಿಗೆ ನೋಂದಣಿ, ನಾಯಿಗಳಿಗೆ ಚಿಪ್, ಆರೋಗ್ಯ ದಾಖಲೆ ವಿಧಿಸಿವೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ನೆರೆಯ ಚೆನ್ನೈ ಮಹಾನಗರ ಪಾಲಿಕೆ 2025ರಲ್ಲಿ ಸಾಕುನಾಯಿ ಪರವಾನಗಿಗೆ ಚಿಪ್ಪನ್ನು ಜೋಡಿಸಿತು. ಹೊರದೇಶಗಳಲ್ಲಿ ಇಂಗ್ಲೆಂಡ್ 2016ರ ಏಪ್ರಿಲ್‌ನಿಂದ ನಾಯಿಗಳಿಗೂ 2024ರ ಜೂನ್‌ನಿಂದ ಬೆಕ್ಕುಗಳಿಗೂ ಚಿಪ್ ಕಡ್ಡಾಯ ಮಾಡಿದೆ.

ಮಿತಿಗಳು

ಚಿಪ್ ಹಾಕಿದ ಜಾಗದಿಂದ ಭುಜ ಅಥವಾ ಎದೆಯ ಕಡೆ ಸರಿಯುವುದು ಸಾಮಾನ್ಯವಾಗಿ ವರದಿಯಾಗುವ ತೊಂದರೆ. ಸೂಜಿ ಚುಚ್ಚಿದಲ್ಲಿ ಬಾವು, ಚಿಪ್ ಹೊರಬೀಳುವುದು, ಓದದೆ ಹೋಗುವುದು ವಿರಳ. ಚಿಪ್ಪಿನ ಸುತ್ತ ಗಡ್ಡೆ ಬೆಳೆದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಅತಿ ಅಪರೂಪ. ಎಂಆರ್‌ಐ ಚಿತ್ರದಲ್ಲಿ ಚಿಪ್ ಸುತ್ತಲಿನ ಭಾಗ ಮಸುಕಾಗುತ್ತದೆ. ರೇಬೀಸ್ ಲಸಿಕೆಗೆ ಚಿಪ್ ಬದಲಿಯಲ್ಲ.

ಈಗಿನ ಸ್ಥಿತಿ

ಜಿಲ್ಲೆಯಲ್ಲಿ ಚಿಪ್ ಹಾಕಿಸುವವರು ಹೆಚ್ಚಾಗಿ ತಳಿ ನಾಯಿ ಸಾಕುವವರು, ವಿದೇಶಕ್ಕೆ ಹೊರಟವರು, ವಿಮಾನ ನಿಲ್ದಾಣದ ಆಸುಪಾಸಿನ ಹೊಸ ಬಡಾವಣೆಗಳ ನಿವಾಸಿಗಳು. ಸೇವೆ ಸಿಗುವುದು ಖಾಸಗಿ ಕ್ಲಿನಿಕ್ಕುಗಳಲ್ಲಿ. ತಾಲ್ಲೂಕು ಪಶು ಆಸ್ಪತ್ರೆಗಳ ದಿನನಿತ್ಯದ ಕೆಲಸ ಹಸು, ಎಮ್ಮೆ, ಕುರಿ, ಮೇಕೆಗಳದ್ದು. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದ ಉದ್ದೇಶವೂ ಚಿಕಿತ್ಸೆಯೇ ಹೊರತು ಚಿಪ್ ಹಾಕುವುದಲ್ಲ.

ಹೀಗಾಗಿ ಜಿಲ್ಲೆಯಲ್ಲಿ ಕಳೆದ ನಾಯಿಯ ಹುಡುಕಾಟ ಈಗಲೂ ಎರಡು ದಾರಿಯಲ್ಲಿ ನಡೆಯುತ್ತದೆ. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕುವುದು, ಹಾಲಿನ ಡೇರಿ, ಬಸ್ ನಿಲ್ದಾಣ, ಔಷಧಿ ಅಂಗಡಿಗಳಲ್ಲಿ ಚೀಟಿ ಅಂಟಿಸುವುದು ಒಂದು. ಚಿಪ್ ಸಂಖ್ಯೆಯನ್ನು ಸುತ್ತಲಿನ ಕ್ಲಿನಿಕ್ಕುಗಳಿಗೆ, ಪ್ರಾಣಿ ರಕ್ಷಣಾ ಕೇಂದ್ರಗಳಿಗೆ ತಿಳಿಸಿ, ನೋಂದಣಿ ಪಟ್ಟಿಯಲ್ಲಿ ‘ಕಳೆದಿದೆ’ ಎಂದು ನಮೂದಿಸುವುದು ಇನ್ನೊಂದು. ಬೆಲ್ಟಿಗೆ ಫೋನ್ ಸಂಖ್ಯೆ ಕೊರೆದ ತಗಡಿನ ಬಿಲ್ಲೆಯನ್ನೂ ಕಟ್ಟಿರಿ ಎಂದು ಚಿಪ್ ಹಾಕುವ ವೈದ್ಯರು ಸೂಚಿಸುತ್ತಾರೆ. ನಾಯಿ ಸಿಕ್ಕವರ ಕೈಯಲ್ಲಿ ರೀಡರ್ ಇರುವುದಿಲ್ಲ, ಫೋನ್ ಇರುತ್ತದೆ.